ಅಮೆರಿಕದ ಯಜಮಾನರ ಒಂಟಿ ಸೀನು

ಶಕುನ ನಂಬುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ ಅಮ್ಮ ಚಪ್ಪಲಿ ಬಿಡಿಸಿ, ನೀರು ಕುಡಿಸಿ, ಸ್ವಲ್ಪ ಹೊತ್ತು ಕೂರಿಸಿಯೇ ಕಳಿಸುತ್ತಿದ್ದಳು. ಅದರಿಂದ ಮೈಸೂರಿನಲ್ಲಿ ನಾನು ತಪ್ಪಿಸಿಕೊಂಡ ಬಸ್ಸುಗಳಿಗೆ ಲೆಕ್ಕವಿಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಐರ್ಲೆಂಡಿನ ವಾಟರ್‌ಫರ್ಡ್‌ನಲ್ಲಿ ನಡೆದದ್ದನ್ನು ಹೇಳದೆ ಇರಲಾರೆ. ನಂಬುವುದು, ಬಿಡುವುದು ನಿಮ್ಮಿಷ್ಟ.

ಅಲ್ಲಿನ ಹಳೆಯ ಬಂಗಲೆಯೊಂದರ ಗ್ಯಾಲರಿಯಲ್ಲಿ ಚಿತ್ರಗಳನ್ನು ತೂಗುಹಾಕುವುದು ನನ್ನ ಮತ್ತು ವಿಲ್ಸನ್‌ನ ಕೆಲಸ. ವಿಲ್ಸನ್ ಉಡುಪಿ ಕಡೆಯವನು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ಆಗ ತುಂಬು ಗರ್ಭಿಣಿ. ಆ ವಾರ ಅಮೆರಿಕದಿಂದ ಆಳೆತ್ತರದ ಭಾವಚಿತ್ರವೊಂದು ಬಂದಿತ್ತು. ಹತ್ತೊಂಬತ್ತನೆಯ ಶತಮಾನದ ರಾಜಕಾರಣಿಯೊಬ್ಬನದು. ಅವನ ಅಜ್ಜ ಇದೇ ಊರಿನಿಂದ ಅಮೆರಿಕಕ್ಕೆ ಹಡಗು ಹತ್ತಿದವನಂತೆ. ಚುನಾವಣೆಯಲ್ಲಿ ಸೋತ ಮೇಲೆ ಅಲ್ಲಿನ ಕಲಾ ಸಂಗ್ರಹಾಲಯವೊಂದರ ಅಧ್ಯಕ್ಷನಾಗಿ ಸಾಯುವವರೆಗೂ ಅದನ್ನೇ ಬೆಳೆಸಿದ. ಕೂಲಿಯವರು ಬಂದರೆ ಗೋಡೆ ಹೊಲಸಾಗುತ್ತದೆ ಎಂದ ಗೆಳೆಯರನ್ನೆಲ್ಲ ಎದುರು ಹಾಕಿಕೊಂಡು, ಅವರಿಗೆ ರಜೆ ಸಿಗುವ ಭಾನುವಾರವೇ ಬಾಗಿಲು ತೆರೆಸಿದ. ಒಳ್ಳೆಯ ಮನುಷ್ಯ. ಮುಖ ಮಾತ್ರ ಸಿಡುಕು.

ಒಳ್ಳೆ ಬಿಸಿಲಿದ್ದ ಬೆಳಗು. ಚಿತ್ರವನ್ನು ಗೋಡೆಗೆ ಒರಗಿಸಿದ್ದೆವು. ವಿಲ್ಸನ್ ಕೊಕ್ಕೆ ಹೊಡೆಯಲು ಏಣಿಯ ಮೇಲೆ ಕಾಲಿಟ್ಟ. ಆಗ ಒಂದು ಸೀನು ಕೇಳಿಸಿತು.

"ಗಾಡ್ ಬ್ಲೆಸ್ ಯೂ ಮಾರಾಯ," ಎಂದ ಅವನು, ಹಿಂದೆ ತಿರುಗದೆ.

ತಾನೇ ಸೀನಿ ನನ್ನನ್ನು ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಆದರೆ ನನ್ನ ಬಾಯಿಂದ ಅಮ್ಮನ ಮಾತೇ ಬರಬೇಕೆ! "ಒಂಟಿ ಸೀನು ಕಣೋ, ಹತ್ಬೇಡ. ಬಾ, ನೀರು ಕುಡಿದು ಕೂತ್ಕೊ."

"ಐರ್ಲೆಂಡಿಗೆ ಬಂದ್ರೂ ನಿನ್ನ ಶಾಸ್ತ್ರ ಬಿಡ್ಲಿಲ್ಲ ಅಲ್ವಾ?" ನಗುತ್ತಲೇ ಬಂದು ಕೂತ.

ಬಾಟಲಿಯ ಮುಚ್ಚಳ ತೆಗೆಯುವಷ್ಟರಲ್ಲಿ ಚಾವಣಿಯ ಗಾರೆಯ ದೊಡ್ಡ ತುಂಡೊಂದು ಕಳಚಿ ಏಣಿಯ ಮೇಲೆ ಬಿತ್ತು. ಏಣಿ ಮುರಿದುಹೋಯಿತು.

ವಿಲ್ಸನ್ ಎದ್ದು ಹೋಗಿ ಮುರಿದ ಏಣಿಯ ತುಂಡೊಂದನ್ನು ಎತ್ತಿ ನೋಡಿದ. ಆಮೇಲೆ, "ಸದ್ಯ, ನೀನು ಸೀನಿದ್ಯಲ್ಲ ಮಾರಾಯ," ಎಂದ.

"ನಾನೆಲ್ಲಿ ಸೀನಿದೆ? ನೀನಲ್ವಾ?"

ಅವನು ಕೊರಳಿನ ಶಿಲುಬೆ ಮುಟ್ಟಿ ಆಣೆ ಮಾಡಿದ. ಪಕ್ಕದ ಕೋಣೆ ನೋಡಿದೆವು, ಖಾಲಿ. ನಮ್ಮ ಜೊತೆ ಇದ್ದವರು ಆ ಸಿಡುಕು ಮುಖದ ಯಜಮಾನರೊಬ್ಬರೇ, ಮೈತುಂಬ ಧೂಳು ಹೊತ್ತುಕೊಂಡು.

ಅಷ್ಟರಲ್ಲಿ ಅವನ ಹೆಂಡತಿಯ ಫೋನು. "ಏನಿಲ್ವೆ, ಎಲ್ಲ ಗ್ರ್ಯಾಂಡ್," ಎಂದು ಅಲ್ಲಿಯ ಜನರ ಧಾಟಿಯಲ್ಲೇ ಹೇಳಿ ಫೋನು ಇಟ್ಟವನೇ ನೆಲದ ಮೇಲೆ ಕುಸಿದು ಮಗುವಿನಂತೆ ಅತ್ತ. ನನಗೂ ತಡೆಯಲಾಗಲಿಲ್ಲ.

ಮುಂದಿನ ತಿಂಗಳು ಹುಟ್ಟಿದ ಮಗಳಿಗೆ ಅಪ್ಪ ಇದ್ದಾನೆ. ಸೀನಿದವರು ಯಾರೆಂದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.