ರೊಟ್ಟಿ ಬಡಿಯುತ್ತ ಆರಿಸಿದ ಹೋಲ್‌ಸ್ಟರ್

ಹೊಸ ಚರ್ಮದ ವಾಸನೆ ಮೂಗಿಗೆ ಬಂದರೆ ನನಗೆ ಸಿಟ್ಟು ಬರುತ್ತದೆ. ಹೋದ ವಾರ ದೋಹಾದ ಮುಶೈರಿಬ್‌ನ ಅಂಗಡಿಯೊಂದರಲ್ಲಿ ಗಂಡನಿಗೆ ಬೆಲ್ಟು ನೋಡುತ್ತಿದ್ದೆ. ಅಂಗಡಿಯವನು ಅಗಲವಾದ ಕಂದು ಬೆಲ್ಟೊಂದನ್ನು ಗಾಜಿನ ಮೇಲೆ ಹರಡಿದ. ಎಣ್ಣೆ, ಮೇಣ, ಚರ್ಮ ಎಲ್ಲ ಕಲಸಿದ ಆ ವಾಸನೆ ಬಂತು ನೋಡಿ, ಬೆಲ್ಟನ್ನು ಅಲ್ಲೇ ಬಿಟ್ಟು ಹೊರಗೆ ಬಂದುಬಿಟ್ಟೆ. "ನಿಂಗೆ ಏನಾಯ್ತು ಈಗ?" ಎಂದು ಗಂಡ ಹಿಂದೆಯೇ ಓಡಿಬಂದರು. ಹಳೆಯ ಮನೆಯ ಪಕ್ಕದ ಅಕ್ಕ ನೆನಪಾದರು ಎಂದೆ.

ಅಕ್ಕ ಇಲ್ಲಿದ್ದ ಕಾಲದಲ್ಲಿ ನಾವು ಮದೀನತ್ ಖಲೀಫಾ ಬಡಾವಣೆಯಲ್ಲಿದ್ದೆವು. ಒಂದು ದೊಡ್ಡ ವಿಲ್ಲಾವನ್ನು ಜಿಪ್ಸಮ್ ಹಲಗೆ ನಿಲ್ಲಿಸಿ ಹಲವು ಬಿಡಾರಗಳಾಗಿ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ನಮ್ಮ ಅಡುಗೆಮನೆಗೂ ಅಕ್ಕನ ಕೋಣೆಗೂ ನಡುವೆ ಅಂಥದೊಂದು ಹಲಗೆ. ನಾನು ಉಡುಪಿ ಕಡೆಯವಳು, ಮನೆಯಲ್ಲಿ ಕೊಂಕಣಿ. ಅವರು ಬೆಳಗಾವಿ ಕಡೆಯವರು, ಊರಿನಲ್ಲಿ ಪೊಲೀಸ್ ಹೆಡ್ ಕಾನ್ಸ್‌ಟೇಬಲ್ ಆಗಿದ್ದವರು. ಮೊದಲ ದಿನವೇ ನನ್ನನ್ನು "ತಂಗಿ" ಅಂದರು, ನಾನು "ಅಕ್ಕ" ಅಂದೆ, ಅಲ್ಲಿಗೆ ಮುಗಿಯಿತು.

ಅವರ ಕೆಲಸ ಎಲ್ಲರೂ ಮಾಡುವಂಥದ್ದಲ್ಲ. ಇಲ್ಲಿ ಹೆಂಗಸರು ಕೂಡಿ ಕೂರುವ ಮಜ್ಲಿಸ್‌ಗಾಗಲಿ ಹೆಂಗಸರ ಮದುವೆ ಹಾಲ್‌ಗಾಗಲಿ ಗಂಡು ಕಾವಲುಗಾರ ಕಾಲಿಡುವಂತಿಲ್ಲ. ಅದಕ್ಕೇ ಒಂದು ದೊಡ್ಡ ಮನೆಯವರು ಕಂಪನಿಯ ಮೂಲಕ ಅಕ್ಕನನ್ನು ಇಟ್ಟುಕೊಂಡಿದ್ದರು. ಸರ್ಕಾರದ ಪರವಾನಗಿ ಇತ್ತು. ಡ್ಯೂಟಿಗೆ ಹೋದಾಗ ಪಿಸ್ತೂಲು ಕೈಗೆ ಬರುತ್ತಿತ್ತು, ಮುಗಿದಾಗ ವಾಪಸು ಕೊಟ್ಟು ಬರುತ್ತಿದ್ದರು. ಆದರೆ ಕಾವಲಿನವಳು ಎಂದು ಅತಿಥಿಗಳಿಗೆ ತಿಳಿಯಬಾರದು. ಮೈಮೇಲೆ ಕಪ್ಪು ಅಬಾಯ, ಅದರಡಿ ಪ್ಯಾಂಟು, ಸೊಂಟದಲ್ಲಿ ಪಿಸ್ತೂಲು. ಆ ಮನೆಯ ಅಜ್ಜಿಯ ಮಗ್ಗುಲಲ್ಲಿ ನೆಲದ ಮೆತ್ತೆಯ ಮೇಲೆ ಕೂತು, ಗಹ್ವಾ ಕಾಫಿ ಕುಡಿಯುತ್ತ, ದೂರದ ನೆಂಟಳ ಹಾಗೆ ಇರಬೇಕು.

ಅಕ್ಕನಿಗೆ ಆ ಕೆಲಸವೆಂದರೆ ಪ್ರಾಣ. ಊರಿನಲ್ಲಿ ಅಷ್ಟು ವರ್ಷ ಖಾಕಿ ಹಾಕಿದರೂ ಅವರನ್ನು ನಿಲ್ಲಿಸುತ್ತಿದ್ದದ್ದು ಹೆಂಗಸರ ಸಾಲು ಸರಿ ಮಾಡಲಿಕ್ಕೆ, ಬ್ಯಾಗು ತಡಕಲಿಕ್ಕೆ, ಸಾಹೇಬರ ಹೆಂಡತಿ ಪೇಟೆಗೆ ಹೊರಟರೆ ಹಿಂದೆ ಚೀಲ ಹಿಡಿಯಲಿಕ್ಕೆ. ಗುರಿಯಲ್ಲಿ ಅವರನ್ನು ಮೀರಿಸುವವರು ಆ ಠಾಣೆಯಲ್ಲಿ ಇರಲಿಲ್ಲವಂತೆ, ಆದರೂ ಆಯುಧ ಗಂಡಸರಿಗೆ.

"ಇಲ್ಲಿಗೆ ಬಂದಮ್ಯಾಲೆ ನನ್ನ ನಂಬಿ ಪಿಸ್ತೂಲ್ ಕೊಟ್ಟಾರ, ತಂಗಿ. ಇದನ್ನ ಕಳಕೊಂಡ್ರ ಮತ್ತ ಬ್ಯಾಗ್ ತಡಕೋದ ಗತಿ," ಅನ್ನುತ್ತಿದ್ದರು.

ತೊಂದರೆ ಶುರುವಾದದ್ದು ಪಿಸ್ತೂಲು ಇಟ್ಟುಕೊಳ್ಳುವ ಹೋಲ್‌ಸ್ಟರ್‌ನಿಂದ. ಕಂಪನಿ ಕೊಟ್ಟದ್ದು ಪ್ಯಾಂಟಿನ ಒಳಗೆ, ಸೊಂಟಕ್ಕೂ ಬಟ್ಟೆಗೂ ನಡುವೆ ತುರುಕಿಕೊಳ್ಳುವಂಥದ್ದು. ಅದನ್ನು ಹಿಡಿದಿಡಲು ಒಂದೇ ಒಂದು ಲೋಹದ ಕ್ಲಿಪ್ಪು. ಅಡಗಿಸುವುದು ಎಂದರೆ ಒಳಗೆ ತುರುಕುವುದು, ಅಷ್ಟೇ ಅವರ ಬುದ್ಧಿ ಓಡಿದ್ದು. ಗಂಡಸರ ಅಳತೆಗೆ ತರಿಸಿ, ಗಂಡಸರ ಮೈಮೇಲೆ ನಿಲ್ಲಿಸಿ ನೋಡಿ, ಸೈ ಎಂದು ಎಲ್ಲರಿಗೂ ಹಂಚಿದ್ದರು. ಅಕ್ಕನ ಬಲಗಡೆಯ ಸೊಂಟದ ಎಲುಬಿನ ಮೇಲೆ ಹಸಿರುಗಟ್ಟಿದ ಕಲೆ ಎದ್ದಿತ್ತು. ನಾನೇ ಎಣ್ಣೆ ಹಚ್ಚಿದ್ದೇನೆ. ಆ ಮಗ್ಗುಲಿಗೆ ಅವರಿಗೆ ಮಲಗಲೂ ಆಗುತ್ತಿರಲಿಲ್ಲ.

"ಇದನ್ನ ಆರಿಸಿದಾಂವ ನಿಂತು ನೋಡ್ಯಾನ, ಕುಂತು ನೋಡಿಲ್ಲ," ಎಂದರು ಒಂದು ದಿನ. ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಒಂದು ಶುಕ್ರವಾರ ಸ್ಟೋರಿನವನನ್ನು ಪುಸಲಾಯಿಸಿ ಮೂಲೆಗೆ ಬಿದ್ದಿದ್ದ ನಮೂನೆಗಳನ್ನೂ, ತರಬೇತಿಗೆ ಬಳಸುವ ನೀಲಿ ರಬ್ಬರಿನ ಪಿಸ್ತೂಲನ್ನೂ ತಂದರು. ನಮ್ಮ ಅಡುಗೆಮನೆಯ ನೆಲದಲ್ಲಿ ಸಣ್ಣ ಗ್ಯಾಸ್ ಒಲೆ ಹಚ್ಚಿ, ಕೊಣಮಿಗೆ ಎಂಬ ಮರದ ಹರಿವಾಣ ಇಟ್ಟು, ಜೋಳದ ಹಿಟ್ಟು ನಾದಿದರು. ಸೊಂಟಕ್ಕೆ ಹೊರಗಿನಿಂದ ಬೆಲ್ಟಿಗೆ ಸಿಕ್ಕಿಸುವ ಹೋಲ್‌ಸ್ಟರ್ ಕಟ್ಟಿಕೊಂಡು, ಮೇಲೆ ಅಬಾಯ ಹೊದ್ದು, ಚಕ್ಕಳಮಕ್ಕಳ ಹಾಕಿ ಕೂತು ರೊಟ್ಟಿ ಬಡಿಯತೊಡಗಿದರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ರೊಟ್ಟಿ ಬಡಿಯೂ ಮುಂದ ಚುಚ್ಚಲಿಲ್ಲಂದ್ರ ಯಾವ ಮಜ್ಲಿಸ್‌ನಾಗೂ ಚುಚ್ಚಂಗಿಲ್ಲ. ಇದರಾಗ ಬಗ್ಗೂದು ಅದ, ಕೈ ಚಾಚೂದು ಅದ, ಕುಂತಲ್ಲೇ ಹೊರಳೂದು ಅದ. ಮತ್ತೇನ್ ಬೇಕು?"

ಮೊದಲನೆಯದು ಗಟ್ಟಿ ಪ್ಲಾಸ್ಟಿಕ್ಕಿನದು. ಅಬಾಯದ ಮೇಲಿಂದಲೇ ಕುಕ್ಕರಿನ ಹಿಡಿಯ ಹಾಗೆ ಉಬ್ಬಿ ಕಾಣುತ್ತಿತ್ತು. ಎರಡನೆಯದು ನೈಲಾನು, ಎರಡು ರೊಟ್ಟಿ ಆಗುವಷ್ಟರಲ್ಲಿ ಹೊಟ್ಟೆಯ ಮೇಲಕ್ಕೆ ಸರಿದು ಬಂತು. ಇನ್ನೊಂದರಲ್ಲಿ ಪಿಸ್ತೂಲಿನ ಹಿಡಿ ಪಕ್ಕೆಲುಬಿಗೆ ತಿವಿಯಿತು. ಹೆಂಗಸರ ಸೊಂಟ ಕೆಳಗೆ ಅಗಲ, ಮೇಲೆ ಸಣ್ಣ. ಹೋಲ್‌ಸ್ಟರ್‌ನ ಕೆಳತುದಿಯನ್ನು ಸೊಂಟ ಹೊರಕ್ಕೆ ತಳ್ಳುತ್ತದೆ, ಹಿಡಿ ಒಳಕ್ಕೆ ವಾಲಿ ಚುಚ್ಚುತ್ತದೆ. ಇದು ಗಂಡಸರಿಗೆ ಎಲ್ಲಿ ಗೊತ್ತಾಗಬೇಕು? ರೊಟ್ಟಿಗಳ ರಾಶಿ ಬೆಳೆಯಿತು. ನಾನು, ನನ್ನ ಗಂಡ ಆ ವಾರವೆಲ್ಲ ಅದನ್ನೇ ತಿಂದೆವು...

ಕೊನೆಗೆ ಅಕ್ಕ ಏನು ಬೇಕೆಂದು ಗೊತ್ತುಮಾಡಿಕೊಂಡರು. ಬೇಟೆಯ ಗಿಡುಗ ಕೂರಿಸಿಕೊಳ್ಳುವ ಕೈಗವಸು ಹೊಲಿಯುವ ಒಬ್ಬ ಚಮ್ಮಾರನಿಗೆ ಹೇಳಿ, ಶಿಫ್ಟ್ ಇನ್‌ಚಾರ್ಜ್‌ನ ಒಪ್ಪಿಗೆಯನ್ನೂ ಪಡೆದು, ಚರ್ಮದ್ದೊಂದನ್ನು ಮಾಡಿಸಿದರು. ಬೆಲ್ಟು ಅಗಲ, ಬಿರುಸು. ಹೋಲ್‌ಸ್ಟರ್‌ನ ಎರಡೂ ಅಂಚಿನಲ್ಲಿ ಬೆಲ್ಟು ತೂರಿಸುವ ಸೀಳು, ಹಾಗಾಗಿ ಬಿಗಿದಷ್ಟೂ ಮೈಗೆ ಅಪ್ಪಿಕೊಳ್ಳುತ್ತಿತ್ತು. ಎಲುಬಿನಿಂದ ತುಸು ಹಿಂದಕ್ಕೆ, ಹಿಡಿ ಮುಂದಕ್ಕೆ ವಾಲಿದಂತೆ, ಕೂತರೆ ನೆಲ ತಾಗದಷ್ಟು ಎತ್ತರಕ್ಕೆ. ಹಿಡಿ ಪಕ್ಕೆಗೆ ಒತ್ತದಂತೆ ಬೆಲ್ಟಿನ ಹಿಂದೆ ಮಡಚಿದ ಚರ್ಮದ ತುಂಡು. ಮೇಲೆ ಗುಂಡಿ ಹಾಕುವ ಪಟ್ಟಿ. ಅಬಾಯದ ಬಲಗಡೆಯ ಹೊಲಿಗೆ ಬಿಚ್ಚಿ, ಕೈ ತಕ್ಷಣ ಒಳಗೆ ಹೋಗುವಂತೆ ಟಿಚ್ ಬಟನ್ ಹಚ್ಚಿಕೊಟ್ಟವಳು ನಾನು. ಅದನ್ನು ಕಟ್ಟಿಕೊಂಡು ಅವರು ಕೂತರು, ಎದ್ದರು, ಬಗ್ಗಿದರು. ಹೊರಗಿನಿಂದ ಏನೆಂದರೆ ಏನೂ ಕಾಣುತ್ತಿರಲಿಲ್ಲ. ಆಮೇಲಿನ ಕೆಲವು ತಿಂಗಳು ಅಕ್ಕ ಹಾಡಿಕೊಂಡು ಡ್ಯೂಟಿಗೆ ಹೋಗುತ್ತಿದ್ದದ್ದು ಹಲಗೆಯಾಚೆಯಿಂದ ನನಗೆ ಕೇಳುತ್ತಿತ್ತು.

ಆಮೇಲೆ ಆ ಮನುಷ್ಯನ ತಪಾಸಣೆ. ಕಂಪನಿಯ ಮ್ಯಾನೇಜರ್. ಹೇಳಲು ನಾಚಿಕೆ, ನಮ್ಮವನೇ. ನಮ್ಮ ಇಗರ್ಜಿಗೇ ಬರುವವನು, ಕ್ರಿಸ್ಮಸ್‌ಗೆ ನಮ್ಮ ಮನೆಯ ಕುಸ್ವಾರ್ ತಿಂಡಿ ತಿಂದವನು. ಅಕ್ಕನ ಸೊಂಟದಲ್ಲಿ ಕಂಪನಿಯದಲ್ಲದ ಹೋಲ್‌ಸ್ಟರ್ ಕಂಡು ಹತ್ತು ಜನರೆದುರು ಕೂಗಾಡಿದ. ಅದು ಹೇಗೆ ಕೂರುತ್ತದೆ, ಎಷ್ಟು ಭದ್ರ ಎಂದು ನೋಡಲಿಲ್ಲ. ಹೊರಗೆ ಕಟ್ಟಿದರೆ ಅಡಗುವುದು ಹೇಗೆ ಎಂಬುದೊಂದೇ ಪಾಠ. ಎದುರಿಗೇ ನಿಂತಿದ್ದಾರೆ, ಕಾಣುತ್ತದೆಯೇ ನೋಡು ಮಾರಾಯ! ಆದರೆ ಅವನು ನೋಡುವವನಲ್ಲ. ಅದನ್ನು ಬಿಚ್ಚಿಸಿ ತನ್ನ ಮೇಜಿನ ಡ್ರಾಯರಿಗೆ ಹಾಕಿಕೊಂಡ.

ನಾನು ಸುಮ್ಮನಿರಲಿಲ್ಲ. ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಅವನನ್ನು ತಡೆದು ನಿಲ್ಲಿಸಿ ಎಲ್ಲ ಹೇಳಿದೆ. ಅವನು ನಕ್ಕ.

"ಸೊಂಟ ನೋವು ಹೆಂಗಸರಿಗೆ ಮನೆಯಲ್ಲಿ ಕೂತರೂ ಬರ್ತದೆ ಬಾಯಮ್ಮ. ಅದಕ್ಕೆ ಕಂಪನಿ ಎಂತ ಮಾಡ್ಲಿಕ್ಕೆ ಆಗ್ತದೆ? ಖಲಾಸ್, ಆ ವಿಷಯ ಬಿಡಿ."

ನನಗೆ ಅಕ್ಕನ ಮೇಲೂ ಸಿಟ್ಟಿದೆ. ಇವತ್ತಿಗೂ ಇದೆ. ಆ ಮನೆಯ ಅಜ್ಜಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು, ಮ್ಯಾನೇಜರ್ ಬಾಲ ಮುದುರಿಕೊಂಡು ತಂದುಕೊಡುತ್ತಿದ್ದ. ಎಷ್ಟು ಬೇಡಿಕೊಂಡೆ. "ಡ್ರೆಸ್ ಹಾಕ್ಕೊಂಡ ಮ್ಯಾಲ ಆರ್ಡರ್ ಅಂದ್ರ ಆರ್ಡರ್, ತಂಗಿ," ಎಂದು ಅದೇ ಹಾಳು ಕ್ಲಿಪ್ಪನ್ನು ಸಿಕ್ಕಿಸಿಕೊಂಡು ಹೊರಟರು. ಖಾಕಿ ಬಿಟ್ಟು ಬಂದಿದ್ದರು, ಖಾಕಿ ಅವರನ್ನು ಬಿಟ್ಟಿರಲಿಲ್ಲ.

ಮದುವೆ ಹಾಲಿನಲ್ಲಿ ಆದದ್ದನ್ನು ಅವರೇ ನನಗೆ ಹೇಳಿದರು. ಅಜ್ಜಿ ನೆಲದಿಂದ ಏಳಲು ಅಕ್ಕನ ಹೆಗಲ ಮೇಲೆ ಕೈಯೂರಿದ್ದಾರೆ. ಅಕ್ಕ ಬಗ್ಗಿ, ಅವರ ಭಾರವನ್ನೆಲ್ಲ ತನ್ನ ಮೇಲೆ ತೆಗೆದುಕೊಂಡು ಎತ್ತಿದ್ದಾರೆ. ಕ್ಲಿಪ್ಪು ಜಾರಿತು. ಪಿಸ್ತೂಲು ಹೋಲ್‌ಸ್ಟರ್ ಸಮೇತ ಹೊರಬಂದು ಅಮೃತಶಿಲೆಯ ನೆಲದ ಮೇಲೆ ಠಣ್ ಎಂದು ಬಿತ್ತು. ಯಾರೋ ಕಿರುಚಿದರು, ಹಾಡು ನಿಂತಿತು. ಅಕ್ಕ ಅಜ್ಜಿಯ ಕೈ ಬಿಡಲಿಲ್ಲ. ಮೆಲ್ಲನೆ ಕೂರಿಸಿ, ತಾವೂ ಅಬಾಯ ಹರಡಿ ಪಿಸ್ತೂಲಿನ ಮೇಲೆಯೇ ಕೂತುಬಿಟ್ಟರು. ಒಂದು ಮಗು ಆ ಕಡೆ ಓಡಿಬರುತ್ತಿತ್ತಂತೆ, ಅದನ್ನು ಇನ್ನೊಂದು ಕೈಯಲ್ಲಿ ತಡೆದರು. ಯಾರಿಗೂ ಒಂದು ಗೀರೂ ಆಗಲಿಲ್ಲ.

ಹೆಂಗಸಿಗೆ ಪಿಸ್ತೂಲು ಕಟ್ಟಿಕೊಳ್ಳಲು ಬರುವುದಿಲ್ಲ ಎಂದು ಮ್ಯಾನೇಜರ್ ಆ ಮನೆಯವರಿಗೆ ಹೇಳಿದ. ಅಷ್ಟೇ ಹೇಳಿದ. ಸರಿಯಾದದ್ದನ್ನು ಬಿಚ್ಚಿಸಿದವನು ತಾನು ಎಂದು ಹೇಳಲಿಲ್ಲ. ಅಕ್ಕನ ವೀಸಾ ರದ್ದಾಯಿತು. ಏರ್‌ಪೋರ್ಟಿಗೆ ನಾವೇ ಬಿಟ್ಟುಬಂದೆವು. ಕಾರಿನಲ್ಲಿ ಅವರು ಎಡಕ್ಕೆ ವಾಲಿ ಕೂತಿದ್ದರು. ಬಲಗಡೆ ಇನ್ನೂ ನೋಯುತ್ತಿತ್ತು.

ಊರಿನಲ್ಲಿ ಅವರಿಗೆ ಆಯುಧದ ಕೆಲಸ ಮತ್ತೆ ಸಿಗಲಿಲ್ಲ. ಬ್ಯಾಂಕಿನ ಕಾವಲಿಗೆ ಕೇಳಿದರು, ಇನ್ನೆಲ್ಲೋ ಕೇಳಿದರು. ದೋಹಾ ಬಿಟ್ಟದ್ದೇಕೆ ಎಂದರೆ ಪಿಸ್ತೂಲ್ ಬಿತ್ತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರು. ಒಂದು ಸುಳ್ಳು ಹೇಳಲು ಬಾರದ ಹೆಂಗಸು! ಕೊನೆಗೆ ಒಂದು ಮಾಲ್‌ನ ಬಾಗಿಲಲ್ಲಿ ಹೆಂಗಸರ ಬ್ಯಾಗು ತಡಕುವ ಕೆಲಸಕ್ಕೆ ಸೇರಿದರು. ಅದನ್ನು ನನಗೆ ಫೋನಿನಲ್ಲಿ ಹೇಳಿ, ಮಾತು ಬದಲಿಸಿ, ನಮ್ಮ ಮಕ್ಕಳ ಓದು ವಿಚಾರಿಸಿದರು.

ಅತ್ತ ಆ ಮನುಷ್ಯ ವರ್ಷ ತುಂಬುವುದರೊಳಗೆ ಕಂಪನಿಗೆಲ್ಲ ಹೊರಗೆ ಕಟ್ಟುವ ಚರ್ಮದ ಹೋಲ್‌ಸ್ಟರ್ ತರಿಸಿದ. ಎರಡು ಸೀಳು, ಅಗಲ ಬೆಲ್ಟು. "ಕಾರಿನಲ್ಲಿ ಕೂತರೆ ಕಟ್ಟಿದ್ದೇ ಗೊತ್ತಾಗುವುದಿಲ್ಲ ಬಾಯಮ್ಮ, ಅಷ್ಟು ಆರಾಮ," ಎಂದು ಇಗರ್ಜಿಯ ಅಂಗಳದಲ್ಲಿ ನನ್ನ ಮುಖಕ್ಕೇ ಹೇಳಿದ. ಅಂಥದ್ದನ್ನೇ ಅಕ್ಕನಿಂದ ಬಿಚ್ಚಿಸಿದ್ದು ಅವನಿಗೆ ನೆನಪೇ ಇರಲಿಲ್ಲ. ನೆನಪಿದ್ದೂ ಹೇಳಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲವೇನೋ.

ಈ ವರ್ಷ ಅಕ್ಕನ ಸ್ವಂತ ತಂಗಿ ಫೋನ್ ಮಾಡಿದಳು. ಜ್ವರವೆಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ನಾವು ಅಲ್ ವುಕೈರ್‌ನ ಹೊಸ ಫ್ಲಾಟಿಗೆ ಬಂದು ಆಗಲೇ ಬಹಳ ಕಾಲವಾಗಿತ್ತು. ಸುದ್ದಿ ಕೇಳಿ ಅಳಲು ಪಕ್ಕದಲ್ಲಿ ಅವರನ್ನು ಬಲ್ಲವರು ಒಬ್ಬರೂ ಇರಲಿಲ್ಲ.

ಮೊನ್ನೆ ಶುಕ್ರವಾರ, ಇಲ್ಲಿನ ವಾರದ ರಜೆಯ ದಿನ, ಪೂಜೆಗೆ ಮುಂಚೆ ಅವನು ಎದುರಾದ. ತಲೆ ನರೆತಿದೆ, ನಗು ಹಾಗೇ ಇದೆ. "ನಿಮ್ಮ ಆ ಪಕ್ಕದ ಮನೆಯವರು ಈಗ ಎಂತ ಮಾಡ್ತಿದ್ದಾರೆ?" ಎಂದ.

"ತೀರಿಕೊಂಡರು."

"ಛೆ, ಛೆ. ಪಾಪ, ಒಳ್ಳೆ ಹೆಂಗಸು. ಕಟ್ಟಿಕೊಳ್ಳಲಿಕ್ಕೆ ಮಾತ್ರ ಬರ್ತಿರಲಿಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಪೂಜೆಯ ಹಾಡು ಶುರುವಾಯಿತು. ಎಲ್ಲರೂ ಒಳಗೆ ನುಗ್ಗಿದರು. ಅವನು ಬಂದು ನಮ್ಮ ಎದುರಿನ ಬೆಂಚಿನಲ್ಲೇ ನಿಂತ. ಪೂಜೆಯ ನಡುವೆ, ಒಬ್ಬರಿಗೊಬ್ಬರು ಶಾಂತಿಯನ್ನು ಕೊಡಿರಿ ಎಂದು ಪಾದ್ರಿಗಳು ಹೇಳುತ್ತಾರಲ್ಲ, ಆಗ ಅವನು ಹಿಂದಕ್ಕೆ ತಿರುಗಿದ. ನನ್ನ ಗಂಡನ ಕೈ ಕುಲುಕಿದ. ಆಮೇಲೆ ನನ್ನ ಕಡೆ ಕೈ ಚಾಚಿದ.

ನಾನು ಬೆಂಚಿನ ಹಲಗೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡೆ. ಚಾಚಿದ ಕೈ ಅಲ್ಲೇ ನಿಂತಿತು. ಗಂಡ ಮೊಣಕೈಯಿಂದ ತಿವಿದರು. ದೇವರ ಮುಂದೆ ಹೀಗೆ ಮಾಡಬಾರದೆಂದು ನನಗೂ ಗೊತ್ತು. ಆದರೆ ಅನ್ಯಾಯವಾದದ್ದು ಅಕ್ಕನಿಗೆ, ಅವರು ಇಲ್ಲ. ಅವರ ಪರವಾಗಿ ಇವನಿಗೆ ಶಾಂತಿ ಕೊಡಲು ನಾನು ಯಾರು? ಅವನ ಮುಖವನ್ನೇ ನೋಡುತ್ತ ನಿಂತೆ, ಅವನು ಕೈ ಇಳಿಸಿ ಮುಂದಕ್ಕೆ ತಿರುಗುವ ತನಕ.