ಗಂಡನಿಗಿಂತ ಮೊದಲು ಕಂದೀಲು

ಜಹೀರಾಬಾದ್ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಈಗಷ್ಟೇ ಒಂದು ವಾದ ಮುಗಿಯಿತು. ನಾರಾಯಣಖೇಡದ ಬಸ್ಸು ಬರುವುದರೊಳಗೆ ಬರೆದಿಟ್ಟುಬಿಡುತ್ತೇನೆ.

ನನ್ನ ಪಕ್ಕ ಕೂತ ಶರಣಮ್ಮ ಕಲ್ಹೇರಿನ ಕಡೆಯವಳು, ಕೂಲಿ ಮಾಡುವಾಕೆ, ಐವತ್ತು ದಾಟಿದೆ. ಆಚೆ ಕೂತವಳು ಅವಳಿಗೆ ಸಂಜೆ ಇಂಗ್ಲಿಷ್ ಕಲಿಸುವ ಎಳೆಯ ಟೀಚರ್. ‘ಡಾರ್ಕ್ ಕೇವ್’ ಅಂತ ಬಳಸಿ ಒಂದು ವಾಕ್ಯ ಬರೆಯಬೇಕಿತ್ತಂತೆ. ಚಲೋ ಇದ್ದದ್ದನ್ನು ತರಗತಿಯ ಗೋಡೆಗೆ ಹಚ್ಚುತ್ತಾರೆ. ಉಳಿದವರೆಲ್ಲ ಕತ್ತಲ ಗುಹೆಯಲ್ಲಿ ಬಾವಲಿಗಳನ್ನೇ ನೇತುಹಾಕಿದ್ದರು. ಶರಣಮ್ಮ ದುಂಡಗಿನ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದು: ‘ಕತ್ತಲ ಗುಹೆಗೆ ಮೊದಲು ದೀಪ ಕಳಿಸು, ಆಮೇಲೆ ಗಂಡನನ್ನು ಕಳಿಸು.’

ಟೀಚರ್ ಕೆಂಪು ಗೆರೆ ಎಳೆದಿದ್ದಳು. “ಇದಕ್ಕ ಅರ್ಥ ಏನ್ರಿ?”

“ಗುಹಾ ನಾ ಎಲ್ಲಿ ನೋಡೀನ್ರಿ? ಹಗೇವು ನೋಡೀನಿ. ನೆಲದಾಗ ಜ್ವಾಳ ತುಂಬಿಡೋ ಕುಣಿ. ಬಾಯಿ ತೆಗೆದ ಕೂಡ್ಲೆ ಮನಷ್ಯಾ ಇಳೀಬಾರದು, ಒಳಗ ಗಾಳಿ ಕೆಟ್ಟಿರ್ತದ. ಹಗ್ಗಕ್ಕ ಕಂದೀಲು ಕಟ್ಟಿ ಬಿಡಬೇಕು. ದೀಪ ಉರೀತಂದ್ರ ಮನಷ್ಯಾ ಇಳೀತಾನ. ನಮ್ಮ ಮನ್ಯಾಗ ಆ ಹಗ್ಗ ಹಿಡಿಯಾಕಿ ನಾನೇ.”

ಟೀಚರ್ ಶರಣಮ್ಮನ ನೋಟ್‌ಬುಕ್ಕಿನಿಂದ ಆ ಹಾಳೆಯನ್ನು ಜೋಪಾನವಾಗಿ ಹರಿದು ತನ್ನ ಬ್ಯಾಗಿಗೆ ಸೇರಿಸಿದಳು.

“ನಾಳೆ ಗ್ವಾಡಿಗಿ ಇದೇ. ಮತ್ತ ದೀಪ ಆರಿದ್ರ?”

ಶರಣಮ್ಮ ಸೆರಗು ಸರಿಮಾಡಿಕೊಂಡು, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಇಂಗ್ಲಿಷಿನಲ್ಲೇ ಹೇಳಿದಳು:

“ಲ್ಯಾಂಪ್ ಡೆಡ್, ಹಸ್ಬೆಂಡ್ ಸೇಫ್!”