ಕೆಂಪು ಗೀಟು ಬಿದ್ದ ನೋಟ್‌ಬುಕ್ಕು

ನಮ್ಮ ಅಕ್ಕನ ಮನೆಯಲ್ಲಿ ಮಿಕ್ಸಿ ಕೊಳ್ಳಬೇಕಾದರೂ ಮೊದಲು ನನಗೆ ಫೋನು ಬರುತ್ತದೆ. ಅಕ್ಕ ಇರುವುದು ಅರಕಲಗೂಡಿನಾಚೆ ಒಂದು ಹಳ್ಳಿಯಲ್ಲಿ, ನಾನು ಹಾಸನದಲ್ಲಿ. ನಾನು ಕಂಪ್ಯೂಟರ್ ಡಿಪ್ಲೊಮಾ ಮಾಡಿದವನು. ಮಾಡಿದವನು ಎಂದರೆ, ಎದ್ದು ಬಿದ್ದು ಹೇಗೋ ಪಾಸಾದವನು. ಈಗ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ದಿನವಿಡೀ ಅರ್ಜಿಗಳ ಹೆಸರು ವಿಳಾಸಗಳನ್ನು ಕಂಪ್ಯೂಟರಿಗೆ ತುಂಬುತ್ತೇನೆ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ ನಮ್ಮ ನೆಂಟರಿಗೆಲ್ಲ ಕಂಪ್ಯೂಟರಿನ ವಿಚಾರಕ್ಕೆ ನಾನೇ ಗೌಡ.

ಆ ಗೌಡಿಕೆಯನ್ನು ಬೇಡ ಅಂದವನೂ ನಾನಲ್ಲ. ಕೇಳಲಿ ಬಿಡಲಿ, ನನ್ನ ಅಭಿಪ್ರಾಯ ಸಿದ್ಧವಾಗಿರುತ್ತಿತ್ತು. ಫೋನಿನ ಬೆನ್ನಿಗೆ ಮೂರು ಕ್ಯಾಮೆರಾ ಇದ್ದರೇನು, ನಾಲ್ಕಿದ್ದರೇನು, ಒಳಗಿನ ಚಿಪ್ ನೋಡಬೇಕು ಅನ್ನುತ್ತಿದ್ದೆ. ಟಿವಿಯಲ್ಲಿ ಕಪ್ಪು ಬಣ್ಣ ಕಪ್ಪಾಗಿಯೇ ಕಾಣದಿದ್ದರೆ ಅದು ಟಿವಿಯೇ ಅಲ್ಲ ಅನ್ನುತ್ತಿದ್ದೆ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ನಮ್ಮ ಚಿಕ್ಕಪ್ಪ ನನ್ನ ಮಾತು ಕೇಳಿ ಎಷ್ಟು ದೊಡ್ಡ ಟಿವಿ ತಂದರೆಂದರೆ, ಅದಕ್ಕೆ ಗೋಡೆ ಸಾಲದೆ ದೇವರ ಪಟಗಳನ್ನು ಅಡುಗೆಮನೆಗೆ ಸಾಗಿಸಿದರು. ಚಿಕ್ಕಮ್ಮ ಇವತ್ತಿಗೂ ನನ್ನನ್ನು ಸರಿಯಾಗಿ ಮಾತಾಡಿಸುವುದಿಲ್ಲ.

ಇಷ್ಟು ಸಾಲದೆಂದು ಇಂಟರ್ನೆಟ್ಟಿನಲ್ಲಿ ಒಂದು ಕಡೆ ಸುಳ್ಳು ಹೆಸರಿನಲ್ಲಿ ಪ್ರೋಗ್ರಾಮಿಂಗ್ ಪುಸ್ತಕಗಳ ಬಗ್ಗೆ ಬರೆಯುತ್ತಿದ್ದೆ. ‘ಮೊದಲರ್ಧ ಚೆನ್ನಾಗಿದೆ, ಆಮೇಲೆ ಲೇಖಕರ ಹಿಡಿತ ತಪ್ಪಿದೆ’ ಎಂದು ಒಂದು ದಪ್ಪ ಪುಸ್ತಕದ ಬಗ್ಗೆ ಬರೆದದ್ದು ನೆನಪಿದೆ. ಹಿಡಿತ ತಪ್ಪಿದ್ದು ಲೇಖಕರದ್ದಲ್ಲ. ನಾನು ಯಾವ ಪ್ರೋಗ್ರಾಮಿಂಗ್ ಪುಸ್ತಕವನ್ನೂ ಮೂರನೇ ಅಧ್ಯಾಯ ದಾಟಿ ಓದಿದವನಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಇಲ್ಲಿಯವರೆಗೆ ಇದನ್ನೆಲ್ಲ ನಗುತ್ತಾ ಹೇಳಬಹುದು. ಮುಂದಿನದನ್ನು ನಗುತ್ತಾ ಹೇಳಲು ನನಗೆ ಮುಖವಿಲ್ಲ.

ಅಕ್ಕನಿಗೆ ಒಬ್ಬಳೇ ಮಗಳು. ನಮ್ಮ ಕಡೆ ಸೋದರಮಾವ ಅಂದರೆ ಬರೀ ನೆಂಟನಲ್ಲ. ಹುಡುಗಿ ದೊಡ್ಡವಳಾದಾಗ ಹಸಿರು ಸೊಪ್ಪು ತಂದು ಅವಳು ಕೂರಲು ಗುಡ್ಲು, ಅಂದರೆ ಗುಡಿಸಲು, ಹಾಕುವವನು ಅವನು, ಮದುವೆಯಲ್ಲಿ ಅವಳನ್ನು ಹಸೆಗೆ ಕರೆತರುವವನೂ ಅವನೇ. ನಾನೂ ಗುಡ್ಲು ಹಾಕಿದ್ದೇನೆ, ಸೊಂಟ ಹಿಡಿದು ಎರಡು ದಿನ ಮಲಗಿದ್ದೇನೆ. ಹಾಗಾಗಿ ಅವಳ ವಿಷಯದಲ್ಲಿ ನಾನು ಒಂದು ಮಾತು ಹೇಳಿದರೆ ಅಕ್ಕ ಭಾವ ಇಬ್ಬರೂ ಅದನ್ನು ದಾಟುವುದಿಲ್ಲ. ಭಾವ ಹೊಗೆಸೊಪ್ಪು ಶುಂಠಿ ಬೆಳೆಯುವ ಮನುಷ್ಯ, ತನ್ನ ಹೊಲದಲ್ಲಿ ಯಾರ ಮಾತನ್ನೂ ಕೇಳುವವನಲ್ಲ. ಆದರೆ ಮಗಳ ಓದಿನ ಮಾತು ಬಂದರೆ, ಅವಳ ಮಾವನನ್ನು ಕೇಳಬೇಕು ಎಂದು ಸುಮ್ಮನಾಗುತ್ತಿದ್ದ.

ಪಿಯುಸಿ ಮೊದಲ ವರ್ಷ ಮುಗಿದ ರಜೆಯಲ್ಲಿ ಹುಡುಗಿ ತನಗೆ ಕಂಪ್ಯೂಟರ್ ಕಲಿಯುವ ಆಸೆ ಇದೆ ಅಂದಳು. ಲ್ಯಾಪ್‌ಟಾಪ್ ಯಾವುದು ಕೊಡಿಸಲಿ ಎಂದು ಭಾವ ನನ್ನನ್ನೇ ಕೇಳಿದ. ಕೊಡಿಸಲು ಅವನು ತಯಾರಿದ್ದ. ನಾನು ದೊಡ್ಡ ಮನುಷ್ಯನ ಹಾಗೆ ಕಾಲು ಮೇಲೆ ಕಾಲು ಹಾಕಿಕೊಂಡು, ಈಗಲೇ ಲ್ಯಾಪ್‌ಟಾಪ್ ಕೊಟ್ಟರೆ ಮಕ್ಕಳು ಕೆಡುತ್ತಾರೆ, ಮೊದಲು ಪುಸ್ತಕ ಓದಲಿ, ಆಮೇಲೆ ನಾನೇ ನೋಡಿ ಹೇಳುತ್ತೇನೆ ಅಂದೆ. ಡಿಪ್ಲೊಮಾ ಕಾಲದಿಂದ ನನ್ನ ಬೀರುವಿನ ಮೇಲೆ ಬಿದ್ದಿದ್ದ ‘ಸಿ’ ಭಾಷೆಯ ಪುಸ್ತಕವನ್ನು ಧೂಳು ಹೊಡೆದು ಕೊಟ್ಟೆ. ಲ್ಯಾಪ್‌ಟಾಪ್ ಬಂದರೆ ಪಾಠ ಹೇಳಿಕೊಡಲು ನನ್ನನ್ನೇ ಕರೆಯುತ್ತಾರೆ, ಮೂರು ದಿನಕ್ಕೆ ನನ್ನ ಬಂಡವಾಳ ಬಯಲಾಗುತ್ತದೆ ಎಂಬುದು ಒಳಗಿನ ಭಯ. ಅವಳು ಆ ಪುಸ್ತಕವನ್ನು ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

ಒಂದು ವರ್ಷ ಅವಳು ಕಂಪ್ಯೂಟರ್ ಮುಟ್ಟದೆ ಕಂಪ್ಯೂಟರ್ ಕಲಿತಳು. ಉದ್ದ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಪ್ರೋಗ್ರಾಮು ಬರೆಯುವುದು, ಪಕ್ಕದಲ್ಲಿ ಗೆರೆ ಎಳೆದು ಯಾವ ಸಾಲಿಗೆ ಯಾವ ಬೆಲೆ ಎಂದು ತಾನೇ ಲೆಕ್ಕ ಹಾಕುತ್ತಾ ಹೋಗುವುದು. ಕಂಪ್ಯೂಟರ್ ಮಾಡುವ ಕೆಲಸವನ್ನೂ ಅವಳ ತಲೆಯೇ ಮಾಡುತ್ತಿತ್ತು. ಪಿಯುಸಿ ಮುಗಿಯಿತು. ಹಾಸನದಲ್ಲಿ ಬಿಸಿಎ ಸೇರಬೇಕು, ನಮ್ಮ ಮನೆಯಲ್ಲಿದ್ದುಕೊಂಡು ಓದಬೇಕು ಎಂಬ ಮಾತು ನಡೆಯುತ್ತಿತ್ತು. ಅರ್ಜಿ ಹಾಕುವ ಮೊದಲು ಮಾವ ಒಂದು ಸಲ ನೋಟ್‌ಬುಕ್ಕು ನೋಡಿ ಹೂಂ ಅನ್ನಲಿ ಎಂದು ಭಾವ ಅವಳನ್ನು ಒಂದು ಭಾನುವಾರ ಬಸ್ಸು ಹತ್ತಿಸಿ ಕಳಿಸಿದ.

ನಮ್ಮದು ಎರಡು ರೂಮಿನ ಮನೆ. ಒಂದು ರೂಮಿನಲ್ಲಿ ನನ್ನ ಟಿವಿ, ಗೇಮಿನ ಕನ್ಸೋಲು, ಅದಕ್ಕೆಂದೇ ತಂದ ಕುರ್ಚಿ. ನನಗೆ ನಲವತ್ತಕ್ಕೆ ಎರಡೇ ಕಮ್ಮಿ, ಆದರೂ ಭಾನುವಾರ ಬಂತೆಂದರೆ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಮುಖ ನೋಡದ ಮೂವರ ಜೊತೆ ಸೇರಿ ಪರದೆಯ ಮೇಲೆ ಗುಂಡು ಹಾರಿಸುತ್ತಾ ಕೂರುತ್ತಿದ್ದೆ. ಹುಡುಗಿ ಬಂದಾಗ ಆಟ ಜೋರಾಗಿತ್ತು. ಕೈಸನ್ನೆಯಲ್ಲೇ ಕೂರು ಅಂದೆ. ಆನ್‌ಲೈನ್ ಆಟವನ್ನು ನಡುವೆ ನಿಲ್ಲಿಸಲು ಬರುವುದಿಲ್ಲ ಎಂದು ಆಮೇಲೆ ಹೆಂಡತಿಗೆ ಹೇಳಿದೆ. ಅದು ನಿಜ. ಆದರೆ ಒಂದು ಆಟ ಮುಗಿದ ಮೇಲೆ ಇನ್ನೊಂದನ್ನು ಶುರು ಮಾಡೆಂದು ಯಾರೂ ನನ್ನ ಕೊರಳಿಗೆ ಹಗ್ಗ ಹಾಕಿರಲಿಲ್ಲ. ಹೆಂಡತಿ ಎರಡು ಸಲ ಬಂದು, ಮಗು ಕಾಯ್ತಾ ಕೂತಿದೆ, ಒಂದು ಸಲ ತಿರುಗಿ ನೋಡಬಾರದೇ ಅಂದಳು. ನಾನು ಹೆಡ್‌ಸೆಟ್ಟಿನಲ್ಲಿ ಯಾರಿಗೋ ಹಿಂದಿಯಲ್ಲಿ ಬೈಯುತ್ತಿದ್ದೆ. ಮಂಚದ ತುದಿಯಲ್ಲಿ ನೋಟ್‌ಬುಕ್ಕನ್ನು ಮಡಿಲಲ್ಲಿಟ್ಟುಕೊಂಡು ಅವಳು ಎರಡು ಗಂಟೆ ಕೂತಳು.

ಕೊನೆಗೆ ಸೋತೆ. ಸೋತ ಸಿಟ್ಟಿನಲ್ಲೇ ನೋಟ್‌ಬುಕ್ಕು ತೆಗೆದುಕೊಂಡೆ. ಹನ್ನೊಂದು ಪ್ರೋಗ್ರಾಮುಗಳಿದ್ದವು. ಮೊದಲನೆಯದರ ತಲೆಗೇ ‘ಏಳನೇ ಅಧ್ಯಾಯ’ ಎಂದು ಬರೆದಿದ್ದಳು. ನನಗೆ ತಲೆಬುಡ ತಿಳಿಯಲಿಲ್ಲ. ಎರಡನೆಯದು, ಮೂರನೆಯದು, ಉಹೂಂ. ಗೊತ್ತಾಗುತ್ತಿಲ್ಲ ಎಂಬ ಒಂದು ಮಾತು ಬಾಯಿಂದ ಬಂದಿದ್ದರೆ ಇವತ್ತು ಇದನ್ನು ಬರೆಯುವ ಪಾಡು ಇರುತ್ತಿರಲಿಲ್ಲ. ನಾನು ಮಾಡಿದ್ದೇನು? ಕಚೇರಿಯ ಕೆಂಪು ಪೆನ್ನು ತೆಗೆದು, ಒಂದೊಂದೇ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಗೀಟು ಎಳೆದೆ. ಹನ್ನೊಂದಕ್ಕೂ ಎಳೆದೆ.

“ಒಂದ್ ಕಿತ ಕಂಪ್ಯೂಟರ್‌ನಾಗೆ ಓಡ್ಸಿ ನೋಡ್ತೀರಾ ಮಾವ?” ಅಂದಳು, ಮೆಲ್ಲಗೆ.

“ಓಡ್ಸದೇನು ಬಂತು, ನೋಡುದ್ರೇ ಗೊತ್ತಾಯ್ತದೆ ಕಣವ್ವ. ಎಲ್ಲಾ ತಪ್ಪು,” ಅಂದೆ.

ನೋಟ್‌ಬುಕ್ಕು ಇಲ್ಲೇ ಇರಲಿ, ಬಿಡುವಾದಾಗ ತಿದ್ದಿಡುತ್ತೇನೆ ಎಂದೂ ಸೇರಿಸಿದೆ. ಅವಳು ಹೋಗಬೇಕೆಂದಿದ್ದ ಬಸ್ಸು ಅಷ್ಟರಲ್ಲಿ ಹೊರಟುಹೋಗಿತ್ತು. ಹೆಂಡತಿಯೇ ಜೊತೆಗೆ ಹೋಗಿ ಮುಂದಿನ ಬಸ್ಸಿಗೆ ಕೂರಿಸಿ ಬಂದಳು. ಮಾರನೆಯ ದಿನ ಭಾವ ಫೋನು ಮಾಡಿದ. ಅವಳ ತಲೆಗೆ ಇದು ಹತ್ತುವುದಿಲ್ಲ, ಸುಮ್ಮನೆ ಬಿಕಾಂ ಸೇರಿಸಿ ಅಂದೆ. ಗೀಟು ಎಳೆದ ಮೇಲೆ ಹಾಗಲ್ಲದೆ ಇನ್ನೇನು ಹೇಳಲಿ? ಅದರ ಕೆಳಗೆ ಇನ್ನೊಂದು ಕಾರಣವಿತ್ತು, ಅದನ್ನೂ ಹೇಳಿಬಿಡುತ್ತೇನೆ. ಅವಳು ಹಾಸನಕ್ಕೆ ಬಂದರೆ ಉಳಿಯಬೇಕಾದದ್ದು ಆ ರೂಮಿನಲ್ಲಿ. ನನ್ನ ಕನ್ಸೋಲು, ನನ್ನ ಕುರ್ಚಿ ಎಲ್ಲವೂ ಹೊರಗೆ ಬರಬೇಕಿತ್ತು. ಥೂ ನನ್ನ ಜನ್ಮಕ್ಕಿಷ್ಟು. ಒಂದು ಆಟದ ಸಾಮಾನಿನ ಜಾಗಕ್ಕೆ ನಾನು ಅವಳ ಜಾಗ ಕಿತ್ತುಕೊಂಡೆ.

ಅವಳು ಹೊಳೆನರಸೀಪುರದಲ್ಲಿ ಬಿಕಾಂ ಸೇರಿದಳು. ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ, ಚೆನ್ನಾಗಿ ಓದುತ್ತಾಳೆ ಎಂದು ಅಕ್ಕ ಹೇಳುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ. ನೋಟ್‌ಬುಕ್ಕಿನ ವಿಚಾರ ಮರೆತೇಹೋಯಿತು.

ಅದು ಮತ್ತೆ ಕೈಗೆ ಸಿಕ್ಕಿದ್ದು ಮುಂದಿನ ವರ್ಷದ ಆಯುಧಪೂಜೆಗೆ. ಕನ್ಸೋಲು, ಲ್ಯಾಪ್‌ಟಾಪು, ಬೈಕು ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟಾಗಿತ್ತು. ಸರಸ್ವತಿಗೆ ಇಡಲು ಒಂದು ಪುಸ್ತಕ ಕೊಡಿ ಎಂದು ಹೆಂಡತಿ ಕೇಳಿದಳು. ಮನೆಯೆಲ್ಲ ಹುಡುಕಿದರೂ ಒಂದು ಪುಸ್ತಕವಿಲ್ಲ. ಇದ್ದ ಒಂದನ್ನೂ ಹುಡುಗಿಗೆ ಕೊಟ್ಟಿದ್ದೆನಲ್ಲ. ಕೊನೆಗೆ ಹೆಂಡತಿಯೇ ಬೀರುವಿನೊಳಗಿಂದ ಈ ನೋಟ್‌ಬುಕ್ಕು ತಂದು, ಇದಾದರೂ ಇರಲಿ, ಓದುವ ಮಗುವಿನದ್ದು ಎಂದು ದೇವರ ಮುಂದಿಟ್ಟು ಹೂವಿಟ್ಟಳು. ವಿಜಯದಶಮಿಯ ಬೆಳಿಗ್ಗೆ ಪೂಜೆಗಿಟ್ಟ ಪುಸ್ತಕ ತೆಗೆದು ನಾಲ್ಕು ಸಾಲಾದರೂ ಓದಬೇಕು, ಅದು ನಮ್ಮ ಮನೆಯ ಪದ್ಧತಿ. ನಾನು ತೆಗೆದೆ. ಕುಂಕುಮ ಉದುರಿದ ಪುಟದಲ್ಲಿ ನನ್ನ ಕೆಂಪು ಗೀಟು ಕಂಡಿತು.

ಓದಿದರೆ ಅರ್ಥವಾಗಲಿಲ್ಲ. ಇಂಟರ್ನೆಟ್ಟಿನಲ್ಲಿ ಪ್ರೋಗ್ರಾಮು ಓಡಿಸಿ ತೋರಿಸುವ ಪುಟವೊಂದಿದೆ, ಅದನ್ನು ತೆರೆದು ಮೊದಲನೆಯದನ್ನು ಅಕ್ಷರಕ್ಕಕ್ಷರ ನಕಲು ಮಾಡಿದೆ. ಹೆಸರು ವಿಳಾಸ ತುಂಬುವ ಕೈ, ನಕಲು ಮಾಡುವುದರಲ್ಲಿ ಪಳಗಿದೆ. ಅದು ಬಸ್ಸಿನ ವೇಳೆ ಹೇಳುವ ಪ್ರೋಗ್ರಾಮು. ಅರಕಲಗೂಡಿನಿಂದ ಹಾಸನಕ್ಕೆ ಹೊರಡುವ ಬಸ್ಸುಗಳ ಹೊತ್ತನ್ನೆಲ್ಲ ಅವಳು ನಿಲ್ದಾಣದ ಹಲಗೆ ನೋಡಿ ಬರೆದುಕೊಂಡಿದ್ದಳು. ಈಗ ಗಂಟೆ ಎಷ್ಟು ಎಂದು ಪರದೆ ಕೇಳಿತು. ನಾಲ್ಕು ಹತ್ತು ಎಂದು ಒತ್ತಿದೆ. ಮುಂದಿನ ಬಸ್ಸು ನಾಲ್ಕು ಇಪ್ಪತ್ತೈದಕ್ಕೆ, ಇನ್ನು ಹದಿನೈದು ನಿಮಿಷವಿದೆ ಎಂದು ತೋರಿಸಿತು. ಒಂದು ಚುಕ್ಕೆಯ ತಪ್ಪೂ ಇರಲಿಲ್ಲ. ತಪ್ಪು ಸಿಗಲಿ ದೇವರೇ ಎಂದು ಬೇಡಿಕೊಳ್ಳುತ್ತಾ ಮಧ್ಯಾಹ್ನದೊಳಗೆ ಹನ್ನೊಂದನ್ನೂ ಓಡಿಸಿದೆ. ಹನ್ನೊಂದೂ ಓಡಿದವು.

ಮುಂದಿನ ಭಾನುವಾರ ಬಸ್ಸು ಹತ್ತಿದೆ. ಭಾವ ಬೈಕಿನಲ್ಲಿ ಬಂದು ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಹೊಸ ಟಿವಿಯ ವಿಚಾರ ಕೇಳುತ್ತಿದ್ದ, ನಾನು ಗಾಳಿಗೆ ಕೇಳಿಸುತ್ತಿಲ್ಲ ಅಂದೆ. ತಮ್ಮ ಬಂದನೆಂದು ಅಕ್ಕ ಕೋಳಿ ಸಾರು ಮಾಡಿದ್ದಳು. ಮುದ್ದೆ ಮುರಿದು ಬಾಯಿಗಿಡಲಾಗದೆ, ತಟ್ಟೆಯ ಮುಂದೆ ಕೂತೇ ಹೇಳಿಬಿಟ್ಟೆ. ನಾನು ಕೊಟ್ಟ ಪುಸ್ತಕವನ್ನು ನಾನೇ ಓದಿಲ್ಲ, ಇವಳು ಬರೆದದ್ದೆಲ್ಲ ಸರಿಯಿತ್ತು, ನನಗೆ ಅರ್ಥವಾಗದೆ ಗೀಟು ಎಳೆದೆ ಅಂದೆ. ರೂಮಿನ ಮಾತನ್ನೂ ಹೇಳಿದೆ. ಭಾವ ಎದ್ದು ಕೈ ತೊಳೆದುಕೊಂಡು ಹೊರಗೆ ಹೋದ. ಅಕ್ಕ ಸೌಟು ಹಿಡಿದುಕೊಂಡೇ ನಿಂತಳು.

ಹುಡುಗಿ ನೀರು ಬಗ್ಗಿಸುತ್ತಿದ್ದವಳು ತಲೆಯೆತ್ತದೆ ಅಂದಳು, “ನಂಗೆ ಅವತ್ತೇ ಗೊತ್ತಿತ್ತು ಮಾವ. ಮೂರ್ನೇ ಪಾಠದಿಂದಾಚೆ ಆಳೆಗಳು ಅಂಚಲ್ಲಿ ಕೂಡ್ಕಂಡೇ ಇದ್ವು. ಪ್ರೆಸ್ಸಲ್ಲಿ ಕುಯ್ದೇ ಇರ್ಲಿಲ್ಲ. ನಾನೇ ಬ್ಲೇಡಲ್ಲಿ ಬುಡಿಸ್ದೆ.”

ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಎಂಗ್ ಯೋಳದು? ನೀವು ಮಾವ ಅಲ್ವಾ. ಅಪ್ಪನ ಮುಂದೆ ನಿಮ್ ಮಾತು ಬಿದ್ದೋಗದಲ್ವಾ.”

ಮಾವನ ಮರ್ಯಾದೆ ಉಳಿಯಲೆಂದು ಅವಳು ತನ್ನ ಓದನ್ನು ಬಿಟ್ಟುಕೊಟ್ಟಿದ್ದಳು. ಆಗಿನ್ನೂ ಹದಿನೆಂಟೂ ತುಂಬದ ಹುಡುಗಿ. ಅಕ್ಕ ಬೈದಿದ್ದರೆ, ತಟ್ಟೆ ಎತ್ತಿಕೊಂಡು ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಈಗಲಾದರೂ ಇವಳನ್ನು ಆ ಓದಿಗೆ ಬದಲಾಯಿಸಲು ಆಗುತ್ತದೇನೋ ಎಂದು ಮತ್ತೆ ನನ್ನನ್ನೇ ಕೇಳಿದಳು. ಇಷ್ಟೆಲ್ಲ ಆದ ಮೇಲೂ ನನ್ನನ್ನೇ!

“ನಂಗೊತ್ತಿಲ್ಲ ಅಕ್ಕ,” ಅಂದೆ. ಆ ಮನೆಯಲ್ಲಿ ನಾನು ಆ ಮಾತು ಹೇಳಿದ್ದು ಅದೇ ಮೊದಲು. ಕಾಲೇಜಿಗೇ ಹೋಗಿ ಕೇಳಿಕೊಂಡು ಬರುತ್ತೇನೆ ಅಂದೆ. ಕೇಳಿದ್ದೂ ಆಯಿತು. ಮತ್ತೆ ಮೊದಲ ವರ್ಷದಿಂದಲೇ ಶುರು ಮಾಡಬೇಕೆಂದರು. ಹುಡುಗಿ ಬೇಡ, ಹಿಡಿದದ್ದನ್ನು ಮುಗಿಸುತ್ತೇನೆ ಅಂದಳು.

ಅದು ಆಮೇಲಿನ ಮಾತು. ಅವತ್ತು ಊಟವಾದ ಮೇಲೆ ಚೀಲದಿಂದ ನೋಟ್‌ಬುಕ್ಕು ತೆಗೆದು ಅವಳ ಮುಂದಿಟ್ಟೆ. ಗೀಟಿನ ಕೆಳಗೆಲ್ಲ ‘ಸರಿ’ ಎಂದು ಬರೆದು ರುಜು ಹಾಕಿ ಕೊಡುತ್ತೇನೆ ಎಂದು ಪೆನ್ನಿನ ಮುಚ್ಚಳ ತೆಗೆದೆ. ಅವಳು ಪುಟದ ಮೇಲೆ ಅಂಗೈ ಅಡ್ಡ ಇಟ್ಟಳು.

“ಸುಮ್ ಸುಮ್ನೆ ಬರೀಬ್ಯಾಡಿ ಮಾವ. ಒಂದೊಂದೇ ಯೋಳ್ಕೊಡ್ತೀನಿ. ಅರ್ಥ ಆದ್ಮೇಲೆ ಬರೀರಿ.”

ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿದಳು. ಬಸ್ಸಿನ ಪ್ರೋಗ್ರಾಮಿನಿಂದ ಶುರು ಮಾಡಿದಳು. ಒಂದು ಸಾಲು ಹೇಳುವುದು, ನನ್ನಿಂದ ತಿರುಗಿ ಹೇಳಿಸುವುದು. ತಪ್ಪಿದಾಗ ನಗಲಿಲ್ಲ, ಬೇಸರಪಡಲಿಲ್ಲ, ಮತ್ತೆ ಮೊದಲಿನಿಂದ ಹೇಳಿದಳು. ಅಕ್ಕ ಬಾಗಿಲಿಗೆ ಒರಗಿಕೊಂಡು ನೋಡುತ್ತಿದ್ದಳು. ಭಾವ ಅಂಗಳದಲ್ಲಿ ಬೆನ್ನು ಮಾಡಿಕೊಂಡು ನಿಂತಿದ್ದರೂ ಕಿವಿ ಇತ್ತಲೇ ಇತ್ತು. ಸಂಜೆಯೊಳಗೆ ನಾಲ್ಕು ಪ್ರೋಗ್ರಾಮಿನ ಕೆಳಗೆ ‘ಸರಿ’ ಎಂದು ಬರೆದೆ. ಐದನೆಯದನ್ನು ಅವಳು ಮೂರು ಸಲ ಬಿಡಿಸಿ ಹೇಳಿದಳು. ನನ್ನ ತಲೆಗೆ ಹತ್ತಲಿಲ್ಲ.

ಹೊತ್ತು ನೋಡಿ ಅವಳೇ ಎದ್ದಳು. ಆರು ಇಪ್ಪತ್ತಕ್ಕೆ ಬಸ್ಸಿದೆ, ಹೊರಡಿ, ಮುಂದಿನ ಭಾನುವಾರ ನೋಡೋಣ ಅಂದಳು. ನೋಟ್‌ಬುಕ್ಕು ಅವಳ ಹತ್ತಿರವೇ ಇದೆ. ಏಳು ಪ್ರೋಗ್ರಾಮುಗಳ ಮೇಲೆ ನನ್ನ ಗೀಟು ಇನ್ನೂ ಹಾಗೇ ಇದೆ.